ಕಂಪೈಲ್ ಆಯ್ತಲ್ಲ, ಮತ್ಯಾಕೆ ಓಡಲ್ಲ?

ಶಿರಸಿಯ ಮನೆಯಲ್ಲೇ ಕೂತು ಡೇಟಾ ಕೆಲಸ ಮಾಡುತ್ತೇನೆ. ಹಾಗಾಗಿ ಸುತ್ತಲಿನ ಕಾಲೇಜು ಮಕ್ಕಳ ಫೋನು ಬರುತ್ತಲೇ ಇರುತ್ತದೆ. ಹೆಚ್ಚಿನ ಸಲ ಜಾವಾ ಪ್ರೋಗ್ರಾಂನದ್ದೇ ತಕರಾರು, ಅದೂ ಒಂದೇ. “ಅಣ್ಣ, ಕಂಪೈಲ್ ಆಗಿದೆ, ಒಂದೂ ಎರರ್ ಇಲ್ಲ. ಓಡಿಸಿದ್ರೆ ಕ್ಲಾಸ್ ನಾಟ್ ಫೌಂಡ್ ಅಂತದೆ.”

ಕಂಪೈಲ್ ಆಯಿತು, ಅಂದರೆ ಬರೆದ ಕೋಡು ಜಾವಾ ಓಡಿಸುವ ರೂಪಕ್ಕೆ ಬಂತು, ಅಂದ ಮಾತ್ರಕ್ಕೆ ಡ್ರೈವರ್ (ಡೇಟಾಬೇಸ್ ಜೊತೆ ಮಾತಾಡಿಸುವ ಕೋಡ್) ಸಿಕ್ಕಿತು ಅಂತ ಅರ್ಥ ಅಲ್ಲ. ಹೈವ್‌ನಿಂದ (ರಾಶಿಗಟ್ಟಲೆ ಡೇಟಾ ಇಟ್ಟು ಪ್ರಶ್ನೆ ಕೇಳುವ ವ್ಯವಸ್ಥೆ) ಡೇಟಾ ತರುವ ಪ್ರೋಗ್ರಾಂನಲ್ಲಿ ನೀವು ಬಳಸುವ ಕನೆಕ್ಷನ್, ಸ್ಟೇಟ್‌ಮೆಂಟ್, ರಿಸಲ್ಟ್‌ಸೆಟ್ ಎಲ್ಲ ಜಾವಾದ ಜೊತೆಗೇ ಬಂದಿರುತ್ತವೆ. ಹೈವ್ ಡ್ರೈವರ್‌ನ ಹೆಸರು ಮಾತ್ರ ಕೋಟ್‌ಗಳ ನಡುವೆ ಬರೀ ಅಕ್ಷರಗಳಾಗಿ ಕೂತಿರುತ್ತದೆ. ಕಂಪೈಲರ್ ಅದನ್ನು ಪರೀಕ್ಷಿಸುವುದೇ ಇಲ್ಲ. ಅಲ್ಲಿ ‘ಬನವಾಸಿ’ ಅಂತ ಬರೆದರೂ ಕಂಪೈಲ್ ಆಗುತ್ತದೆ! ಆ ಹೆಸರಿನ ಕ್ಲಾಸನ್ನು ಜಾವಾ ಹುಡುಕುವುದು ಓಡಿಸುವಾಗ, ಅದೂ ಕ್ಲಾಸ್‌ಪಾತ್‌ನಲ್ಲಿ, ಅಂದರೆ ಹುಡುಕಬೇಕಾದ ಜಾಗಗಳ ಪಟ್ಟಿಯಲ್ಲಿ ಮಾತ್ರ. ಡ್ರೈವರ್ ಇರುವ ಜಾರ್ ಫೈಲ್ ಅದೇ ಫೋಲ್ಡರ್‌ನಲ್ಲಿ ಬಿದ್ದಿದ್ದರೆ ಸಾಲದು, ಹೆಸರು ಹಿಡಿದು ಹೇಳಬೇಕು.

ಕುಮಟಾದ ಒಬ್ಬ ಹುಡುಗಿ ಅಡಿಕೆ ದರದ ಪ್ರಾಜೆಕ್ಟ್ ಮಾಡುತ್ತಿದ್ದಳು. ರಾಶಿ, ಚಾಲಿ, ಬೆಟ್ಟೆ ಎಲ್ಲಕ್ಕೂ ಬೇರೆ ಬೇರೆ ಕಾಲಂ, ಬಹಳ ಚೆಂದ ಜೋಡಿಸಿದ್ದಳು. ನಾನು ಹೇಳಿದಂತೆ ಓಡಿಸುವ ಕಮಾಂಡ್‌ನಲ್ಲಿ ‘-ಸಿಪಿ’ (-cp, ಕ್ಲಾಸ್‌ಪಾತ್ ಹೇಳುವ ಆಯ್ಕೆ) ಕೊಟ್ಟು ಜಾರ್ ಸೇರಿಸಿದಳು. ಈಗ ಅವಳ ಸ್ವಂತ ಮೇನ್ ಕ್ಲಾಸೇ ಕಾಣೆ! ಮಳೆಗಾಲ, ಕರೆಂಟು ಹೋಗಿ ಬಂದು ಮಾಡುತ್ತಿತ್ತು, ಅದರ ನಡುವೆಯೇ ಜಾವಾ ತೆಗೆದು ಮತ್ತೆ ಹಾಕಿದ್ದಾಳೆ. “ಮಾರಾಯ್ತಿ, ಜಾವಾ ಸರಿಯಾಗೇ ಇದೆ, ಒಂದು ಚುಕ್ಕಿ ಹಾಕು” ಅಂದೆ. ‘-ಸಿಪಿ’ ಕೊಟ್ಟರೆ ಜಾವಾ ಅಲ್ಲಿ ಹೇಳಿದ ಜಾಗ ಬಿಟ್ಟು ಬೇರೆಲ್ಲೂ ನೋಡುವುದಿಲ್ಲ, ಈಗಿರುವ ಫೋಲ್ಡರನ್ನೂ ನೋಡುವುದಿಲ್ಲ. ಚುಕ್ಕಿ ಅಂದರೆ ಈ ಫೋಲ್ಡರ್. ವಿಂಡೋಸ್‌ನಲ್ಲಿ ಚುಕ್ಕಿಗೂ ಜಾರ್‌ಗೂ ನಡುವೆ ಸೆಮಿಕೋಲನ್, ಲಿನಕ್ಸ್‌ನಲ್ಲಿ ಕೋಲನ್. ಲಿನಕ್ಸ್‌ನಲ್ಲಿ ಸೆಮಿಕೋಲನ್ ಹಾಕಿದರೆ ಕಮಾಂಡ್ ಅಲ್ಲಿಗೇ ಮುಗಿಯುತ್ತದೆ, ಪರದೆ ತುಂಬ ಜಾವಾದ ಸಹಾಯದ ಪಟ್ಟಿ ಸುರಿಯುತ್ತದೆ.

ಯಾವ ಜಾರ್ ಅಂತ ಮಾತ್ರ ನಾನು ಫೋನಿನಲ್ಲಿ ಹೇಳಲಾರೆ. ಸರ್ವರ್‌ನ ಆವೃತ್ತಿಗೆ ಹೊಂದಬೇಕು. ಸರ್ವರ್ ನೋಡಿಕೊಳ್ಳುವವರ ಹತ್ತಿರವೇ ಕೇಳಿ ತನ್ನಿ, ಸುಮ್ನೆ ಎಲ್ಲಿಂದಲೋ ಇಳಿಸಬೇಡಿ. ಹಳೇ ನೋಟ್ಸ್‌ನಲ್ಲಿ ಸರ್ವರ್‌ನ ವಿಳಾಸ ‘ಜೆಡಿಬಿಸಿ:ಹೈವ್’ ಅಂತಿದ್ದರೆ ಬಿಟ್ಟುಬಿಡಿ, ಅದು ಹಳೇ ಹೈವ್ ಸರ್ವರ್‌ಗೆ, ಆ ಸರ್ವರನ್ನು ಹೈವ್ 1.0ರಲ್ಲೇ ತೆಗೆದಿದ್ದಾರೆ. ಈಗ ‘ಜೆಡಿಬಿಸಿ:ಹೈವ್2’ ಬೇಕು. ಪೋರ್ಟ್ (ಸರ್ವರ್‌ನ ಬಾಗಿಲಿನ ಸಂಖ್ಯೆ) ಬದಲಿಸಿರದಿದ್ದರೆ 10000.

ಇಷ್ಟೆಲ್ಲ ಆದ ಮೇಲೆ ‘ಕನೆಕ್ಷನ್ ರೆಫ್ಯೂಸ್ಡ್’ ಬಂದರೆ ಹೆದರಬೇಡಿ. ಡ್ರೈವರ್ ಸಿಕ್ಕಿದೆ, ಸರ್ವರ್‌ನ ಬಾಗಿಲ ತನಕ ಹೋಗಿದೆ. ಇನ್ನು ಕೋಡ್ ಮುಟ್ಟದೆ, ಸರ್ವರ್ ಶುರು ಮಾಡಿದ್ದಾರಾ ಅಂತ ಕೇಳಿ.