ಪದ ಪರಿಚಯ: ಸ್ಪ್ಯಾಮ್ ರಿಪೋರ್ಟ್

ಮಂಡ್ಯದ ಹತ್ತಿರ ಆಲೆಮನೆ ನಡೆಸುವ ಒಬ್ಬರ ವೆಬ್‌ಸೈಟ್ ನಾನು ನೋಡಿಕೊಳ್ಳುತ್ತೇನೆ. ಅವರು ಬೆಲ್ಲವನ್ನು ಕೊರಿಯರ್‌ನಲ್ಲಿ ಕಳಿಸುತ್ತಾರೆ. ಆರ್ಡರ್ ಜಾಸ್ತಿ ಬರುವುದು ಗೂಗಲ್ ಹುಡುಕಾಟದಿಂದಲೇ. ಒಂದು ಬೆಳಗ್ಗೆ ಫೋನ್ ಬಂತು.

"ಅಣ್ಣ, ನಮ್ ಸೈಟ್ ಎಲ್ಲೋಯ್ತು? ಮೊದಲ್ನೇ ಪುಟದಲ್ಲೇ ಇಲ್ವಲ್ಲ! ನಮ್ಗಿಂತ ಮೇಲಕ್ ಬಂದವ್ನಲ್ಲ, ಅವ್ನ್ ಮೇಲೆ ಒಂದ್ ಸ್ಪ್ಯಾಮ್ ರಿಪೋರ್ಟ್ ಹಾಕ್ಬುಡಣ್ಣ."

"ಅವರು ಮಾಡಿರೋ ತಪ್ಪೇನು?" ಎಂದು ಕೇಳಿದೆ.

"ತಪ್ಪೇನೋ ಗೊತ್ತಿಲ್ಲ ಕಣಣ್ಣ. ಮೊನ್ನೆವರ್ಗೂ ನಮ್ ಕೆಳಗಿದ್ದ."

ಇದೇ ಮಾತನ್ನು ನಾನು ಮೈಸೂರಿನ ಹೋಮ್‌ಸ್ಟೇಯವರಿಂದ, ರೇಷ್ಮೆ ಸೀರೆ ಮಾರುವವರಿಂದ, ಟ್ಯೂಷನ್ ಸೆಂಟರಿನವರಿಂದಲೂ ಕೇಳಿದ್ದೇನೆ. ನಾವು ಕೆಳಗಿಳಿದೆವು, ಅವರು ಮೇಲೇರಿದರು, ಅಂದಮೇಲೆ ಅವರು ಏನೋ ಮೋಸ ಮಾಡಿರಬೇಕು ಎಂಬ ಅನುಮಾನ ಸಹಜ. ಆದರೆ ಸ್ಪ್ಯಾಮ್ ರಿಪೋರ್ಟ್ ಎಂಬ ಪದಕ್ಕೆ ಅದರದೇ ಅರ್ಥವಿದೆ. ಅದು ತಿಳಿದರೆ ಎಷ್ಟೋ ಹೊತ್ತು, ಎಷ್ಟೋ ದುಡ್ಡು ಉಳಿಯುತ್ತದೆ.

ಮೊದಲು 'ಸ್ಪ್ಯಾಮ್'. ಇದು 1937ರಲ್ಲಿ ಅಮೆರಿಕದ ಕಂಪನಿಯೊಂದು ಮಾರುಕಟ್ಟೆಗೆ ತಂದ ಡಬ್ಬಿ ಮಾಂಸದ ಹೆಸರು. 1970ರಲ್ಲಿ ಬ್ರಿಟನ್ನಿನ ಟಿವಿ ಹಾಸ್ಯ ಕಾರ್ಯಕ್ರಮವೊಂದರಲ್ಲಿ ಹೋಟೆಲಿನ ದೃಶ್ಯ ಬಂತು. ಆ ಹೋಟೆಲಿನ ತಿಂಡಿಗಳಲ್ಲೆಲ್ಲ ಸ್ಪ್ಯಾಮ್ ಇರುತ್ತದೆ, ಆ ಪದವನ್ನೇ ಮತ್ತೆ ಮತ್ತೆ ಹೇಳಿ ಹೇಳಿ ಬೇರೆ ಯಾರ ಮಾತೂ ಕೇಳಿಸದ ಹಾಗೆ ಆಗುತ್ತದೆ. ಕಂಪ್ಯೂಟರ್ ಬಳಸುವವರು ಅಲ್ಲಿಂದ ಪದವನ್ನು ಎತ್ತಿಕೊಂಡು, ಬೇಡದಿದ್ದರೂ ರಾಶಿ ರಾಶಿಯಾಗಿ ಬಂದು ಬೀಳುವ ಸಂದೇಶಕ್ಕೆ ಇಟ್ಟರು. ಹುಡುಕಾಟದ ಲೋಕದಲ್ಲಿ ಸ್ಪ್ಯಾಮ್ ಅಂದರೆ ಓದುವವರಿಗಾಗಿ ಮಾಡದೆ, ಸರ್ಚ್ ಎಂಜಿನ್ನಿನ ಕಣ್ಣಿಗೆ ಮಣ್ಣೆರಚಿ ಮೇಲೆ ಬರಲು ಮಾಡಿದ ಪುಟ ಅಥವಾ ಉಪಾಯ.

ಉಪಾಯಗಳು ಬೇಕಾದಷ್ಟಿವೆ. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಪದಗಳನ್ನು ತುಂಬುವುದು ಹಳೆಯದು. ಸರ್ಚ್ ಎಂಜಿನ್ನಿಗೆ ಒಂದು ಪುಟ, ಜನರಿಗೆ ಇನ್ನೊಂದು ಪುಟ ತೋರಿಸುವುದಕ್ಕೆ ಕ್ಲೋಕಿಂಗ್ ಎನ್ನುತ್ತಾರೆ. ದುಡ್ಡು ಕೊಟ್ಟು ಬೇರೆ ಸೈಟ್‌ಗಳಿಂದ ಲಿಂಕ್ ಹಾಕಿಸಿಕೊಳ್ಳುವುದು ಇನ್ನೊಂದು. ನಮ್ಮ ಕಡೆ ನನಗೆ ಹೆಚ್ಚು ಕಾಣುವುದು ಡೋರ್‌ವೇ ಪುಟಗಳು. ಒಂದೇ ಹೋಮ್‌ಸ್ಟೇ, ಇರುವುದು ಒಂದೇ ಕಡೆ. ಆದರೆ ವಿಜಯನಗರದಲ್ಲಿ ಹೋಮ್‌ಸ್ಟೇ, ಗೋಕುಲಂನಲ್ಲಿ ಹೋಮ್‌ಸ್ಟೇ, ಕುವೆಂಪುನಗರದಲ್ಲಿ ಹೋಮ್‌ಸ್ಟೇ ಎಂದು ಬಡಾವಣೆಗೊಂದು ಪುಟ. ಬಡಾವಣೆಯ ಹೆಸರು ಬಿಟ್ಟರೆ ಒಂದಕ್ಷರವೂ ಬೇರೆ ಇರುವುದಿಲ್ಲ. ಯಾವ ಪುಟ ಒತ್ತಿದರೂ ಅದೇ ಫೋನ್ ನಂಬರ್. ಇದು ಸಣ್ಣವರು ಮಾತ್ರ ಮಾಡುವ ತಪ್ಪೂ ಅಲ್ಲ. 2006ರಲ್ಲಿ ಇಂಥ ಪುಟಗಳಿಗಾಗಿಯೇ ಬಿಎಂಡಬ್ಲ್ಯು ಕಂಪನಿಯ ಜರ್ಮನ್ ಸೈಟನ್ನು ಗೂಗಲ್ ತನ್ನ ಪಟ್ಟಿಯಿಂದ ತೆಗೆದುಹಾಕಿತ್ತು.

ಇಂಥದ್ದು ಕಂಡಾಗ ಗೂಗಲ್‌ಗೆ ತಿಳಿಸಲು ಒಂದು ಫಾರ್ಮ್ ಇದೆ. ಆ ಫಾರ್ಮ್ ತುಂಬಿ ಕಳಿಸುವುದೇ ಸ್ಪ್ಯಾಮ್ ರಿಪೋರ್ಟ್. ವೆಬ್‌ಸೈಟ್ ಇಲ್ಲದವರೂ ಕಳಿಸಬಹುದು.

ಹಾಗಾದರೆ 'ಅವನು ನನಗಿಂತ ಮೇಲಿದ್ದಾನೆ' ಎನ್ನುವುದು? ಅದು ರ‍್ಯಾಂಕಿಂಗಿನ ಮಾತು. ಹುಡುಕಿದಾಗ ಯಾರ ಪುಟ ಮೇಲೆ, ಯಾರದ್ದು ಕೆಳಗೆ ಎಂಬ ಕ್ರಮವೇ ಅದು. ಇದನ್ನು ಆಲೆಮನೆಯವರಿಗೆ ಬೆಲ್ಲದಲ್ಲೇ ಹೇಳಿದೆ, ತಟ್ಟನೆ ಅರ್ಥವಾಯಿತು. ಮೊದಲೆಲ್ಲ ಕೊಳ್ಳುವವರು ಕೇಳುತ್ತಿದ್ದುದು ಹಳದಿ ಬಣ್ಣದ, ಫಳಫಳ ಹೊಳೆಯುವ ಅಚ್ಚು ಬೆಲ್ಲ. ಈಗ ಪೇಟೆಯ ಜನ ಕಪ್ಪಗಿರುವ, ರಾಸಾಯನಿಕ ಹಾಕದ ಬೆಲ್ಲ ಕೊಡಿ ಎನ್ನುತ್ತಾರೆ. ಹಳದಿ ಬೆಲ್ಲದವರು ನಿನ್ನೆ ಮಾಡಿದ ಹಾಗೆಯೇ ಇವತ್ತೂ ಮಾಡಿದ್ದಾರೆ, ಅವರ ಕೈಯಲ್ಲಿ ಏನೂ ಕೆಟ್ಟಿಲ್ಲ, ಆದರೂ ಅಂಗಡಿಯವನು ಅವರ ಪೆಟ್ಟಿಗೆಯನ್ನು ಹಿಂದಕ್ಕೆ ಸರಿಸಿ ಇನ್ನೊಬ್ಬರದನ್ನು ಮುಂದೆ ಇಟ್ಟಿದ್ದಾನೆ. ಅಳೆಯುವವರ ಕಣ್ಣು ಬದಲಾಗಿದೆ, ಅಷ್ಟೇ. ಕೋರ್ ಅಪ್‌ಡೇಟ್ ಎನ್ನುವುದು ಇದನ್ನೇ. ಯಾವ ಪುಟ ಒಳ್ಳೆಯದು ಎಂದು ತೂಗುವ ತಕ್ಕಡಿಯನ್ನು ಗೂಗಲ್ ವರ್ಷಕ್ಕೆ ಕೆಲವು ಸಲ ದೊಡ್ಡ ಮಟ್ಟದಲ್ಲಿ ಸರಿಪಡಿಸುತ್ತದೆ. ಆಗ ಎಷ್ಟೋ ಸೈಟ್‌ಗಳು ಮೇಲೆ ಕೆಳಗೆ ಆಗುತ್ತವೆ. ಕೆಳಗೆ ಬಂದವರಿಗೆ ಅದು ಶಿಕ್ಷೆಯಲ್ಲ.

ಸ್ಪ್ಯಾಮ್ ಬೇರೆ. ಅದು ಸಕ್ಕರೆ ಬೆರೆಸಿ ಕುದಿಸಿ, ಬಣ್ಣಕ್ಕೆ ಹೈಡ್ರೋಸ್ ಎಂಬ ರಾಸಾಯನಿಕ ಸುರಿದು, 'ಅಪ್ಪಟ ಕಬ್ಬಿನ ಬೆಲ್ಲ' ಎಂದು ಮಾರುವುದು. ಅದರ ಮೇಲೆ ದೂರು ಕೊಡಬಹುದು, ಕೊಡಲೇಬೇಕು. ಪಕ್ಕದವರ ಬೆಲ್ಲ ಜಾಸ್ತಿ ಖರ್ಚಾಗುತ್ತಿದೆ ಎಂದು ದೂರು ಕೊಡಲು ಆಗುತ್ತದಾ?

ಇವೆರಡನ್ನೂ ಜನ ಒಂದೇ ಎಂದುಕೊಳ್ಳಲು ಕಾರಣವೂ ಇದೆ. 2011ರ ಫೆಬ್ರುವರಿಯಲ್ಲಿ ಬಂದ ಪಾಂಡಾ ಎಂಬ ಅಪ್‌ಡೇಟ್ ತಿರುಳಿಲ್ಲದ ಪುಟಗಳನ್ನು ಕೆಳಗಿಳಿಸಿತು. ಅಮೆರಿಕದ ಹುಡುಕಾಟಗಳಲ್ಲಿ ಸುಮಾರು ಶೇ. 12ರಷ್ಟಕ್ಕೆ ಅದರ ಬಿಸಿ ತಟ್ಟಿತು ಎಂದು ಗೂಗಲ್ ಹೇಳಿತ್ತು. 2012ರ ಏಪ್ರಿಲ್‌ನಲ್ಲಿ ಬಂದ ಪೆಂಗ್ವಿನ್ ಕಳ್ಳ ಲಿಂಕ್‌ಗಳನ್ನು ಹಿಡಿಯಿತು. ಆಗಿನಿಂದ ಅಪ್‌ಡೇಟ್ ಅಂದರೆ ಹೊಡೆತ ಎಂಬ ಭಯ ಉಳಿದುಬಿಟ್ಟಿದೆ. 2024ರ ಮಾರ್ಚ್ 5ರಂದು ಗೂಗಲ್ ಒಂದು ಕೋರ್ ಅಪ್‌ಡೇಟನ್ನೂ ಒಂದು ಸ್ಪ್ಯಾಮ್ ಅಪ್‌ಡೇಟನ್ನೂ ಒಂದೇ ದಿನ ಶುರು ಮಾಡಿತು. ಸ್ಪ್ಯಾಮ್ ಅಪ್‌ಡೇಟ್ ಮಾರ್ಚ್ 20ಕ್ಕೆ ಮುಗಿಯಿತು. ಕೋರ್ ಅಪ್‌ಡೇಟ್ ಏಪ್ರಿಲ್ 19ರ ತನಕ, ಅಂದರೆ 45 ದಿನ ನಡೆಯಿತು. ಆ ಮಧ್ಯೆ ಸೈಟ್ ಬಿದ್ದವರಿಗೆ ಯಾವುದರಿಂದ ಬಿತ್ತು ಎಂದು ಗೊತ್ತಾಗುವುದು ಹೇಗೆ? ಅನುಭವವಿದ್ದವರಿಗೂ ಕಷ್ಟವಾಯಿತು.

ಅದೇ ಸಲ ಮೂರು ಹೊಸ ನಿಯಮಗಳು ಬಂದವು. ಅವಧಿ ಮುಗಿದ ಹಳೆಯ ಡೊಮೇನ್, ಅಂದರೆ ಸೈಟಿನ ವಿಳಾಸ, ಕೊಂಡು ಅದರ ಹೆಸರಿನ ಮೇಲೆ ಸಂಬಂಧವಿಲ್ಲದ್ದನ್ನು ತುಂಬುವುದು, ಹೆಸರುವಾಸಿ ಸೈಟಿನ ಒಂದು ಮೂಲೆಯನ್ನು ಬಾಡಿಗೆಗೆ ಹಿಡಿದು ಅದರ ಮರ್ಯಾದೆಯ ಬಲದಿಂದ ಮೇಲೆ ಬರುವುದು, ಮತ್ತು ಉಪಯೋಗವಿಲ್ಲದ ಪುಟಗಳನ್ನು ಸಾವಿರಗಟ್ಟಲೆ ಉತ್ಪಾದಿಸುವುದು. ಈ ಮೂರೂ ಈಗ ಸ್ಪ್ಯಾಮ್. ಮೂರನೆಯದರಲ್ಲಿ ಯಂತ್ರ ಬರೆಯಿತೋ ಮನುಷ್ಯರು ಬರೆದರೋ ಎನ್ನುವುದು ಲೆಕ್ಕಕ್ಕಿಲ್ಲ, ಓದುವವರಿಗೆ ಏನಾದರೂ ಸಿಗುತ್ತದಾ ಎನ್ನುವುದಷ್ಟೇ ಲೆಕ್ಕ.

ನಿಮ್ಮ ಸೈಟಿನ ಮೇಲೆ ನಿಜವಾಗಿ ಕ್ರಮ ತೆಗೆದುಕೊಂಡಿದ್ದಾರಾ ಎಂದು ನೋಡುವುದು ಸುಲಭ. ಸೈಟ್ ಇರುವವರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ತೆರೆಯಿರಿ. ಹಿಂದೆ ಇದನ್ನೇ ವೆಬ್‌ಮಾಸ್ಟರ್ ಟೂಲ್ಸ್ ಎನ್ನುತ್ತಿದ್ದರು, 2015ರಲ್ಲಿ ಹೆಸರು ಬದಲಾಯಿತು. ಅದರಲ್ಲಿ ಮ್ಯಾನುಯಲ್ ಆಕ್ಷನ್ಸ್ ಎಂಬ ಭಾಗವಿದೆ. ಗೂಗಲ್‌ನ ಸಿಬ್ಬಂದಿಯೊಬ್ಬರು ನಿಮ್ಮ ಸೈಟ್ ನೋಡಿ, ನಿಯಮ ಮುರಿದಿದ್ದೀರಿ ಎಂದು ಕ್ರಮ ಕೈಗೊಂಡಿದ್ದರೆ ಅಲ್ಲಿ ಕಾರಣದ ಸಮೇತ ಕಾಣುತ್ತದೆ. ಸರಿಪಡಿಸಿ, ಮರುಪರಿಶೀಲನೆಗೆ ಅರ್ಜಿ ಹಾಕಬಹುದು. ಅಲ್ಲಿ ಏನೂ ಇಲ್ಲದಿದ್ದರೆ ಅಂಥ ಕ್ರಮ ಆಗಿಲ್ಲ ಎಂದರ್ಥ. ಆಮೇಲೆ ಗೂಗಲ್‌ನ ಸರ್ಚ್ ಸ್ಟೇಟಸ್ ಡ್ಯಾಶ್‌ಬೋರ್ಡ್‌ನಲ್ಲಿ ಯಾವ ಅಪ್‌ಡೇಟ್ ಯಾವತ್ತು ಶುರುವಾಯಿತು, ಯಾವತ್ತು ಮುಗಿಯಿತು ಎಂದು ನೋಡಿ. ಮುಗಿದ ಮೇಲೂ ಒಂದು ವಾರ ಬಿಟ್ಟು ಮೊದಲಿನ ಅಂಕಿ, ಈಗಿನ ಅಂಕಿ ಹೋಲಿಸಿ. ನಡುವೆ ಗಾಬರಿಯಿಂದ ಪುಟ ಅಳಿಸುವುದು, ಹೆಸರು ಬದಲಿಸುವುದು ಮಾಡಬೇಡಿ. ಆಮೇಲೆ ಯಾವುದರಿಂದ ಏನಾಯಿತು ಎಂದೇ ತಿಳಿಯುವುದಿಲ್ಲ.

ಇನ್ನು ರಿಪೋರ್ಟ್ ಕಳಿಸಿದರೆ ಏನಾಗುತ್ತದೆ? ಬಹಳ ಜನ ಪೊಲೀಸ್ ಸ್ಟೇಷನ್ನಿನ ದೂರಿನಂತೆ ಕಲ್ಪಿಸಿಕೊಳ್ಳುತ್ತಾರೆ, ಕೊಟ್ಟ ಮೇಲೆ ವಿಚಾರಣೆ ಆಗುತ್ತದೆ, ತೀರ್ಪು ಬರುತ್ತದೆ ಎಂದು. ಗೂಗಲ್ ಈ ರಿಪೋರ್ಟ್‌ಗಳನ್ನು ಮುಖ್ಯವಾಗಿ ಬಳಸುವುದು ಸ್ಪ್ಯಾಮ್ ಹಿಡಿಯುವ ತನ್ನ ಯಂತ್ರವ್ಯವಸ್ಥೆಯನ್ನು ಚುರುಕು ಮಾಡಲು. ಆ ವ್ಯವಸ್ಥೆಯ ಹೆಸರು ಸ್ಪ್ಯಾಮ್‌ಬ್ರೇನ್. ನೀವು ತೋರಿಸಿದ ಪುಟ ಅದಕ್ಕೊಂದು ಉದಾಹರಣೆ. ಹಾಗಾಗಿ ನಾಳೆ ಬೆಳಗ್ಗೆಯೇ ಆ ಸೈಟ್ ಮಾಯವಾಗುತ್ತದೆ ಎಂದು ಕಾಯಬೇಡಿ. ಇದು ಮತ ಎಣಿಕೆಯೂ ಅಲ್ಲ. 'ನಿಮ್ಮ ಎದುರಾಳಿಯ ಮೇಲೆ ನೂರು ರಿಪೋರ್ಟ್ ಹಾಕಿಸುತ್ತೇವೆ' ಎಂದು ದುಡ್ಡು ಕೇಳುವವರಿದ್ದಾರೆ. ದಯವಿಟ್ಟು ಕೊಡಬೇಡಿ. ತಪ್ಪು ಮಾಡದ ಸೈಟಿನ ಮೇಲೆ ನೂರು ರಿಪೋರ್ಟ್ ಬಿದ್ದರೂ ಅದರಲ್ಲಿ ತಪ್ಪು ಹುಟ್ಟುವುದಿಲ್ಲ.

ಬರೆಯುವಾಗ ಚಿಕ್ಕದಾಗಿ, ಸ್ಪಷ್ಟವಾಗಿ ಬರೆಯಿರಿ. ಯಾವ ಪುಟ, ಅದರ ಪೂರ್ತಿ ವಿಳಾಸ, ಏನು ಹುಡುಕಿದಾಗ ಬಂತು, ಅಲ್ಲಿ ನಡೆದಿರುವ ಉಪಾಯ ಏನು. ನಿಮ್ಮ ವ್ಯಾಪಾರ ಎಷ್ಟು ಕುಸಿಯಿತು ಎನ್ನುವುದು ಅಲ್ಲಿ ಬೇಕಾಗಿಲ್ಲ. ಯಾರೋ ನಿಮ್ಮ ಫೋಟೊ, ಬರಹ ಎತ್ತಿಕೊಂಡಿದ್ದರೆ ಅದಕ್ಕೆ ಕೃತಿಸ್ವಾಮ್ಯದ ಅರ್ಜಿ ಬೇರೆ ಇದೆ, ಅದರ ದಾರಿಯೇ ಬೇರೆ. ಮೈಸೂರು ದಸರಾ ನೋಡುವ ಪಾಸ್ ಆದ ಗೋಲ್ಡ್ ಕಾರ್ಡ್ ಕೊಡುತ್ತೇವೆ ಎಂದು ನಕಲಿ ಪುಟವೊಂದು ನಿಮ್ಮ ಬ್ಯಾಂಕ್ ಕಾರ್ಡ್ ನಂಬರ್, ಓಟಿಪಿ ಕೇಳುತ್ತಿದೆ ಎಂದುಕೊಳ್ಳಿ, ಅದು ಫಿಶಿಂಗ್. ಅದನ್ನು ಗೂಗಲ್‌ನ ಫಿಶಿಂಗ್ ಫಾರ್ಮಿನಲ್ಲಿ ತಿಳಿಸಬೇಕು. ದುಡ್ಡು ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಕನ್ನಡದವರಿಗೆ ಇಲ್ಲೊಂದು ಕೆಲಸವಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಕನ್ನಡದಲ್ಲಿ ಏನಾದರೂ ಹುಡುಕಿ ನೋಡಿ. ಇಂಗ್ಲಿಷ್ ಪುಟವನ್ನು ಯಂತ್ರಕ್ಕೆ ಕೊಟ್ಟು, ಬಂದದ್ದನ್ನು ಹಾಗೆಯೇ ಏರಿಸಿದ ಪುಟಗಳು ಸಿಗುತ್ತವೆ. ಹೋಮ್‌ಸ್ಟೇ ಎನ್ನುವುದು 'ಮನೆ ಉಳಿಯಿರಿ' ಎಂದಾಗಿದ್ದನ್ನು ನಾನೇ ಕಂಡಿದ್ದೇನೆ. ನೋಡಲು ಕನ್ನಡ ಅಕ್ಷರ, ಓದಿದರೆ ತಲೆಬುಡವಿಲ್ಲ. ಕಾಯಿಲೆ, ಔಷಧಿ, ಸಾಲ, ಸರ್ಕಾರಿ ಯೋಜನೆಗಳ ಬಗ್ಗೆ ಇಂಥ ಪುಟ ನಂಬಿದವರಿಗೆ ತೊಂದರೆಯಾಗುತ್ತದೆ. ಅದು ಅರ್ಥವಿಲ್ಲದ ವಾಕ್ಯ ಎಂದು ಮೊದಲ ಸಾಲಿನಲ್ಲೇ ಗೊತ್ತಾಗುವುದು ಕನ್ನಡ ಓದುವವರಿಗೆ. ಸುಮ್ನೆ ಬೈದುಕೊಂಡು ಮುಂದಕ್ಕೆ ಹೋಗುವ ಬದಲು ಎರಡು ನಿಮಿಷ ಕೊಟ್ಟು ರಿಪೋರ್ಟ್ ಮಾಡಿ. ಸ್ಪ್ಯಾಮ್ ರಿಪೋರ್ಟ್ ಇರುವುದೇ ಇದಕ್ಕೆ.

ಆಲೆಮನೆಯವರ ವಿಷಯಕ್ಕೆ ಬರುತ್ತೇನೆ. ಅವರ ಸೈಟಿನ ಮೇಲೆ ಯಾವ ಕ್ರಮವೂ ಇರಲಿಲ್ಲ. ಮೇಲೆ ಬಂದಿದ್ದ ಸೈಟ್ ತೆರೆದು ಇಬ್ಬರೂ ಕೂತು ಓದಿದೆವು. ಅವರು ಅಚ್ಚು ಬೆಲ್ಲಕ್ಕೂ ಕುರಿಕಾಟು ಬೆಲ್ಲಕ್ಕೂ ಏನು ವ್ಯತ್ಯಾಸ, ಬೆಲ್ಲ ನೀರೂರದಂತೆ ಮಳೆಗಾಲದಲ್ಲಿ ಹೇಗೆ ಇಡಬೇಕು ಎಂದೆಲ್ಲ ಚೆನ್ನಾಗಿ ಬರೆದಿದ್ದರು. ನಮ್ಮ ಪುಟದಲ್ಲಿ ಇದ್ದದ್ದು ನಾಲ್ಕು ಫೋಟೊ, ಒಂದು ಫೋನ್ ನಂಬರ್. "ಇವ್ನು ಸರ್ಯಾಗೇ ಬರ್ದವ್ನೆ ಕಣಣ್ಣ," ಎಂದರು ಅವರೇ. ಅದರ ಕೆಳಗೆ ಇನ್ನೊಂದು ಸೈಟ್ ಇತ್ತು. ಅದರಲ್ಲಿ ಊರಿಗೊಂದರಂತೆ ಒಂದೇ ಪುಟ, ಹೆಸರು ಮಾತ್ರ ಬೇರೆ. ಅದನ್ನು ರಿಪೋರ್ಟ್ ಮಾಡಿದೆ.

ಆಮೇಲೆ ಒಂದು ಸಂಜೆ ಕೊಪ್ಪರಿಗೆಯ ಪಕ್ಕ ಕೂತು, ಕಬ್ಬಿನ ಹಾಲಿನ ಕಲ್ಮಶ ತೆಗೆಯಲು ಬೆಂಡೆ ಗಿಡದ ಲೋಳೆ ಹಾಕುವುದು ಯಾಕೆ, ಪಾಕ ಹದಕ್ಕೆ ಬಂತು ಎಂದು ಹೇಗೆ ತಿಳಿಯುತ್ತದೆ ಎಂದು ಅವರು ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ಅದು ಈಗ ಅವರ ಸೈಟಿನಲ್ಲಿದೆ.