ಭಾವನ ಕಾರು, ಮುಗಿದ ವಿಮೆ

2024ರ ಮಳೆಗಾಲದ ಒಂದು ಸಂಜೆ, ಕೋರ್ಟಿನ ಕೆಲಸ ಮುಗಿಸಿ ಹಾಸನದ ನನ್ನ ಕಚೇರಿಯಲ್ಲಿ ಕುಳಿತಿದ್ದಾಗ ಆಲೂರು ಕಡೆಯ ಇಬ್ಬರು ಬಂದರು. ಒಬ್ಬರು ಕಾರು ಕೊಟ್ಟ ಭಾವ, ಇನ್ನೊಬ್ಬರು ಅದನ್ನು ಓಡಿಸಿದ ಭಾಮೈದ. ಆಸ್ಪತ್ರೆಯಿಂದ ಬಿಡುಗಡೆಯಾದ ತಾಯಿಯನ್ನು ಬೆಂಗಳೂರಿನಿಂದ ಕರೆತರಲೆಂದು ಭಾಮೈದ ಕಾರು ಕೇಳಿ ಪಡೆದಿದ್ದರು. ಚನ್ನರಾಯಪಟ್ಟಣ ದಾಟಿ ಹಾಸನದತ್ತ ಬರುವ ಹೆದ್ದಾರಿಯಲ್ಲಿ, ಫಲಕ ಸೂಚಿಸಿದ ಮಿತಿಗಿಂತ ಗಂಟೆಗೆ 20 ಕಿ.ಮೀ. ಹೆಚ್ಚು ವೇಗದಲ್ಲಿದ್ದಾಗ, ವೇಗ ಅಳೆಯುವ ಪೊಲೀಸರ ಇಂಟರ್‌ಸೆಪ್ಟರ್ ವಾಹನದ ಕಣ್ಣಿಗೆ ಬಿದ್ದಿದ್ದರು. ಪೊಲೀಸರು ಗಾಡಿಯ ನಂಬರನ್ನು ಯಂತ್ರಕ್ಕೆ ಕೊಟ್ಟಾಗ, ವಿಮೆಯ ಅವಧಿ ಮುಗಿದು 23 ದಿನಗಳಾಗಿವೆ ಎಂಬುದೂ ಹೊರಬಿತ್ತು. ಹೀಗೆ ಒಂದೇ ಚಲನ್‌ನಲ್ಲಿ ವೇಗಕ್ಕೆ 1,000 ರೂಪಾಯಿ, ವಿಮೆಯಿಲ್ಲದ್ದಕ್ಕೆ 2,000 ರೂಪಾಯಿ ಎಂಬ ಎರಡು ಸಾಲುಗಳು ಮೂಡಿದ್ದವು.

"ಸ್ಪೀಡಿಗೆ ಹಾಕಿದ್ದು ನ್ಯಾಯ ಸಾರ್, ಕಟ್ತೀನಿ. ಇನ್ಶೂರೆನ್ಸ್ ಇಲ್ಲ ಅಂತ ನನ್ ಮೇಲ್ ಯಾಕ್ ಹಾಕ್ಬೇಕು? ಗಾಡಿ ನಂದಲ್ವಲ್ಲ" ಎಂದರು ಭಾಮೈದ. ಭಾವನ ಮಾತು ಇನ್ನೂ ಚಿಕ್ಕದು: "ನಾನು ಮನೇಲಿದ್ದೆ ಸಾರ್." ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಹೊಣೆ ಇನ್ನೊಬ್ಬರದು ಎಂದು ಇಬ್ಬರೂ ಮನಸಾರೆ ನಂಬಿದ್ದರು. ಕೇಳಿ ತಂದ ವಾಹನದ ಪ್ರಕರಣಗಳಲ್ಲಿ ಈ ನಂಬಿಕೆಯನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಮದುವೆಗೆ, ಧರ್ಮಸ್ಥಳಕ್ಕೆ, ಆಸ್ಪತ್ರೆಗೆ ಎಂದು ನಮ್ಮ ಕಡೆ ಗಾಡಿ ಕೇಳುವುದೂ ಕೊಡುವುದೂ ಸಂಬಂಧದ ಭಾಗ. ಕೊಡುವವರು ಡೀಸೆಲ್ ಎಷ್ಟಿದೆ ಎಂದು ಹೇಳುತ್ತಾರೆ, ತರುವವರು ಸ್ಟೆಪ್ನಿ ಇದೆಯೇ ಎಂದು ವಿಚಾರಿಸುತ್ತಾರೆ. ವಿಮೆ ಎಂದಿನವರೆಗೆ ಇದೆ ಎಂದು ಕೇಳಿದರೆ ಕೊಟ್ಟವರ ಮೇಲೆ ಅನುಮಾನ ಪಟ್ಟಂತಾದೀತು ಎಂಬ ಸಂಕೋಚ ಅಡ್ಡ ಬರುತ್ತದೆ.

ಕಾನೂನು ಏನು ಹೇಳುತ್ತದೆಂಬುದನ್ನು ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ ಕಲಂ 146ರ ಪ್ರಕಾರ, ಮೂರನೇ ವ್ಯಕ್ತಿಗೆ ಆಗಬಹುದಾದ ಹಾನಿಯ ವಿಮೆ (ಥರ್ಡ್ ಪಾರ್ಟಿ ವಿಮೆ) ಚಾಲ್ತಿಯಲ್ಲಿಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಯಾರೂ ಬಳಸುವಂತಿಲ್ಲ, ಬೇರೆಯವರು ಬಳಸಲು ಬಿಡುವಂತೆಯೂ ಇಲ್ಲ. ಅದಕ್ಕೆ ಶಿಕ್ಷೆ ಹೇಳುವ ಕಲಂ 196 ಕೂಡ ಓಡಿಸಿದವರನ್ನೂ ಓಡಿಸಲು ಬಿಟ್ಟವರನ್ನೂ ಒಂದೇ ವಾಕ್ಯದಲ್ಲಿ ಹಿಡಿಯುತ್ತದೆ: ಮೊದಲ ತಪ್ಪಿಗೆ ಮೂರು ತಿಂಗಳವರೆಗಿನ ಸೆರೆವಾಸ ಅಥವಾ 2,000 ರೂಪಾಯಿ ದಂಡ ಅಥವಾ ಎರಡೂ, ತಪ್ಪು ಮರುಕಳಿಸಿದರೆ ದಂಡ 4,000 ರೂಪಾಯಿ. ಆದ್ದರಿಂದ ಭಾಮೈದನ ಮೇಲೆ ಚಲನ್ ಬಂದದ್ದು ಸರಿ, ಮನೆಯಲ್ಲಿದ್ದ ಭಾವನ ಮೇಲೆ ಬಂದಿದ್ದರೂ ಅದು ಸರಿಯೇ ಆಗುತ್ತಿತ್ತು.

"ವಿಮೆ ಮುಗಿದಿರೋದು ನನಗೆ ಗೊತ್ತೇ ಇರ್ಲಿಲ್ಲ" ಎಂಬ ಸಮಜಾಯಿಷಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕಲಂ 146ಕ್ಕೆ ಒಂದು ವಿವರಣೆಯಿದೆ. ಸಂಬಳಕ್ಕೆ ಇರುವ ಚಾಲಕನು, ವಿಮೆಯಿಲ್ಲವೆಂಬುದು ತನಗೆ ತಿಳಿಯದಿದ್ದರೆ ಮತ್ತು ಹಾಗೆ ನಂಬಲು ಕಾರಣವೂ ಇಲ್ಲದಿದ್ದರೆ, ಈ ಕಲಮನ್ನು ಉಲ್ಲಂಘಿಸಿದಂತೆ ಆಗುವುದಿಲ್ಲ. ಸಕಲೇಶಪುರದ ಕಾಫಿ ತೋಟದಲ್ಲಿ ಮಾಲೀಕರ ಜೀಪು ಓಡಿಸುವ ಚಾಲಕನಿಗೆ, ಯಜಮಾನರ ಬೀರುವಿನಲ್ಲಿರುವ ಪಾಲಿಸಿಯ ತಾರೀಖು ಗೊತ್ತಿರಬೇಕೆಂದು ಕಾನೂನು ನಿರೀಕ್ಷಿಸುವುದಿಲ್ಲ. ಆದರೆ ಅದೇ ಜೀಪನ್ನು ತೋಟದ ರೈಟರು ಭಾನುವಾರ ತನ್ನ ಮಗಳನ್ನು ಹಾಸ್ಟೆಲಿಗೆ ಬಿಡಲೆಂದು ಕೇಳಿ ತೆಗೆದುಕೊಂಡು ಹೋದರೆ ಆ ರಕ್ಷಣೆ ಅವರಿಗೆ ಸಿಗುವುದು ಕಷ್ಟ, ಏಕೆಂದರೆ ಆಗ ಅವರು ಸಂಬಳದ ಚಾಲಕರಾಗಿ ಓಡಿಸುತ್ತಿಲ್ಲ, ತಮ್ಮ ಸ್ವಂತ ಕೆಲಸಕ್ಕೆ ಓಡಿಸುತ್ತಿದ್ದಾರೆ. ಕೂಲಿಯಾಳಿಗೆ ತೋರಿದ ಈ ದಾಕ್ಷಿಣ್ಯವನ್ನು ಕಾಯ್ದೆ ನೆಂಟನಿಗೆ ತೋರಿಲ್ಲ. ಇದು ಸರಿಯಾದ ವಿಂಗಡಣೆಯೆಂದೇ ನನ್ನ ಅಭಿಪ್ರಾಯ. ಕೆಲಸದಾಳಿಗೆ ಯಜಮಾನರನ್ನು ಪ್ರಶ್ನಿಸುವ ಧೈರ್ಯ ಇರಲಾರದು, ಭಾವನನ್ನು ಕೇಳಲು ಭಾಮೈದನಿಗೆ ಅಂಥ ಅಡ್ಡಿಯೇನೂ ಇಲ್ಲ.

ಭಾಮೈದ ಇನ್ನೊಂದು ಮಾತು ಹೇಳಿದರು. ಅವರ ಮನೆಯಲ್ಲೂ ಒಂದು ಹಳೆಯ ಕಾರಿದೆ, ಅದಕ್ಕೆ ವಿಮೆ ಕಟ್ಟಿದ್ದಾರೆ, ಅದು ಇಲ್ಲಿಗೆ ನಡೆಯುವುದಿಲ್ಲವೇ ಎಂದು. ನಡೆಯುವುದಿಲ್ಲ. ನಮ್ಮಲ್ಲಿ ಮೋಟಾರು ವಿಮೆ ಅಂಟಿಕೊಂಡಿರುವುದು ಗಾಡಿಗೆ, ಓಡಿಸುವವರಿಗೆ ಅಲ್ಲ. ಈ ನಿಯಮದ ಇನ್ನೊಂದು ಮಗ್ಗುಲು ಅನುಕೂಲಕರವಾದದ್ದು: ಗಾಡಿಯ ವಿಮೆ ಚಾಲ್ತಿಯಲ್ಲಿದ್ದು, ಮಾಲೀಕರ ಒಪ್ಪಿಗೆಯಿಂದ, ತಕ್ಕ ಲೈಸೆನ್ಸ್ ಇರುವವರು ಓಡಿಸಿದರೆ, ಹೊರಗಿನವರಿಗೆ ಆದ ಹಾನಿಗೆ ವಿಮಾ ಕಂಪನಿ ಹೊಣೆಯಾಗುತ್ತದೆ.

ವೇಗದ ವಿಷಯವನ್ನು ಬೇಗ ಮುಗಿಸುತ್ತೇನೆ. ಕಲಂ 183ರ ಪ್ರಕಾರ ಕಾರಿನಂಥ ಲಘು ವಾಹನಕ್ಕೆ ದಂಡ 1,000ದಿಂದ 2,000 ರೂಪಾಯಿ. ಗಾಡಿ ವೇಗವಾಗಿತ್ತೆಂದು ಒಬ್ಬ ಸಾಕ್ಷಿ ತನ್ನ ಅಂದಾಜಿನ ಮೇಲೆ ಹೇಳಿದ್ದಷ್ಟರಿಂದಲೇ ಶಿಕ್ಷೆ ವಿಧಿಸುವಂತಿಲ್ಲ, ಯಂತ್ರದ ಆಧಾರ ಬೇಕು. ಇಂಟರ್‌ಸೆಪ್ಟರ್‌ನ ಚಿತ್ರದಲ್ಲಿ ನಂಬರ್ ಪ್ಲೇಟು, ವೇಗ, ಹೊತ್ತು ಸ್ಪಷ್ಟವಾಗಿದ್ದರೆ ಹೋರಾಡಿ ಪ್ರಯೋಜನವಿಲ್ಲವೆಂದು ನಾನು ಕಕ್ಷಿದಾರರಿಗೆ ನೇರವಾಗಿ ಹೇಳುತ್ತೇನೆ. ವೇಗವು ಜನರ ಜೀವಕ್ಕೆ ಅಪಾಯ ತರುವಂತಿತ್ತು ಎಂದಾದರೆ ಕಲಂ 184 ಅನ್ವಯವಾಗಿ ಜೈಲಿನ ಮಾತು ಬರುತ್ತದೆ. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ ಗಂಟೆಗೆ 130 ಕಿ.ಮೀ. ಮೀರಿದವರ ಮೇಲೆ ಭಾರತೀಯ ನ್ಯಾಯ ಸಂಹಿತೆಯ ಕಲಂ 281ರ ಅಡಿಯಲ್ಲಿ ಎಫ್‌ಐಆರ್ ದಾಖಲಿಸುವ ಕ್ರಮವೂ ಆರಂಭವಾಗಿದೆ. ಭಾಮೈದ ಅಲ್ಲಿಯವರೆಗೆ ಹೋಗಿರಲಿಲ್ಲ.

ಇನ್ನು, ವಿಮೆ ತಪ್ಪಿದ್ದು ಹೇಗೆ? ಭಾವ ತಮ್ಮ ಚೀಲದಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿದ್ದ ಆರ್‌.ಸಿ. ಅವರ ಹೆಸರಿನಲ್ಲಿರಲಿಲ್ಲ, ಸಕಲೇಶಪುರದ ನಿವೃತ್ತ ನೌಕರರೊಬ್ಬರ ಹೆಸರಿನಲ್ಲಿತ್ತು. ಆ ನೌಕರರು 2021ರ ಜುಲೈನಲ್ಲಿ ಹೊಸ ಕಾರು ಕೊಂಡು, ಮರುವರ್ಷ ಇವರಿಗೆ ಮಾರಿದ್ದರು. ಹಣ ಕೊಟ್ಟದ್ದಾಗಿತ್ತು, ಕೀಲಿ ಕೈಗೆ ಬಂದಿತ್ತು, ಆರ್‌.ಟಿ.ಓ. ಕಚೇರಿಗೆ ಹೋಗುವುದೊಂದು ಉಳಿದುಹೋಗಿತ್ತು. ಸುಪ್ರೀಂ ಕೋರ್ಟಿನ ಆದೇಶದ ಮೇರೆಗೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಕೊಳ್ಳುವಾಗಲೇ ಮಾಡಿಸಬೇಕಾಗಿದೆ. ಈ ಕಾರಿನ ಆ ಮೂರು ವರ್ಷ 2024ರ ಜುಲೈನಲ್ಲಿ ಮುಗಿಯಿತು. ಮುಗಿಯುವ ಮುಂಚೆ ಕಂಪನಿಯ ಸಂದೇಶಗಳು ತಪ್ಪದೆ ಬಂದಿದ್ದವು, ಆದರೆ ಸಕಲೇಶಪುರದವರ ಫೋನಿಗೆ. ಮಾರಿದ ಗಾಡಿಯ ಗೊಡವೆ ತಮಗೇಕೆಂದು ಅವರು ಅವನ್ನು ಅಳಿಸಿಹಾಕಿದ್ದರು. ಭಾವನಾದರೋ ಪಾಲಿಸಿಯ ಮೇಲಿದ್ದ '2024' ಎಂಬುದನ್ನು ಮಾತ್ರ ನೆನಪಿಟ್ಟುಕೊಂಡು, ಆ ವರ್ಷ ಇನ್ನೂ ಮುಗಿದಿಲ್ಲವಲ್ಲ ಎಂದು ನಿಶ್ಚಿಂತೆಯಿಂದಿದ್ದರು.

ಹೀಗಾಗಿ ಈ ವಿಷಯದಲ್ಲಿ ಸಿಕ್ಕಿಕೊಂಡವರು ಇಬ್ಬರಲ್ಲ, ಮೂವರು. ಗಾಡಿ ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಆರ್‌.ಟಿ.ಓ.ಗೆ ತಿಳಿಸಬೇಕೆಂದು ಕಲಂ 50 ಹೇಳುತ್ತದೆ. ಹಾಗೆ ವರ್ಗಾವಣೆಯಾಗದಿದ್ದರೆ, ಗಾಡಿ ಎಷ್ಟು ಕೈ ಬದಲಾಯಿಸಿದ್ದರೂ ಪರಿಹಾರದ ಹೊಣೆಗೆ ನೋಂದಣಿಯಲ್ಲಿ ಹೆಸರಿರುವವರೇ ಮಾಲೀಕರೆಂದು 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಖಚಿತವಾಗಿ ತೀರ್ಪು ಕೊಟ್ಟಿದೆ. ಚನ್ನರಾಯಪಟ್ಟಣದ ಹೆದ್ದಾರಿಯಲ್ಲಿ ಆ ದಿನ ಯಾರಿಗಾದರೂ ಕಾರು ಬಡಿದಿದ್ದರೆ, ಸಕಲೇಶಪುರದಲ್ಲಿ ಪಿಂಚಣಿಯ ಮೇಲೆ ಬದುಕುತ್ತಿರುವ, ಎರಡು ವರ್ಷದಿಂದ ಆ ಕಾರನ್ನು ನೋಡಿಯೇ ಇರದ ಹಿರಿಯರಿಗೂ ನೋಟಿಸ್ ಹೋಗುತ್ತಿತ್ತು.

ಬಡಿದಿದ್ದರೆ ಎಂಬ ಆ ಮಾತನ್ನೇ ನಾನು ಅವರ ಮುಂದೆ ಲೆಕ್ಕವಾಗಿ ಬಿಡಿಸಿಟ್ಟೆ. ತಿಂಗಳಿಗೆ 15,000 ರೂಪಾಯಿ ದುಡಿಯುವ, 30 ವರ್ಷದ, ಸ್ವಂತ ಕಸುಬಿನ ವ್ಯಕ್ತಿಯೊಬ್ಬರು ತೀರಿಕೊಂಡರೆಂದೂ ಅವರನ್ನು ನಂಬಿದವರು ಮನೆಯಲ್ಲಿ ನಾಲ್ವರಿದ್ದಾರೆಂದೂ ಇಟ್ಟುಕೊಳ್ಳಿ. ಸುಪ್ರೀಂ ಕೋರ್ಟ್ 2009 ಮತ್ತು 2017ರಲ್ಲಿ ಹಾಕಿಕೊಟ್ಟ ಸೂತ್ರದಂತೆ, ಮುಂದೆ ಹೆಚ್ಚಬಹುದಾಗಿದ್ದ ಆದಾಯಕ್ಕೆಂದು ಶೇ 40 ಸೇರಿಸಿದರೆ ತಿಂಗಳಿಗೆ 21,000 ಆಗುತ್ತದೆ. ಅವರ ಸ್ವಂತ ಖರ್ಚಿಗೆಂದು ನಾಲ್ಕನೇ ಒಂದು ಭಾಗ ಕಳೆದರೆ ಉಳಿಯುವುದು 15,750. ವರ್ಷಕ್ಕೆ 1,89,000. ಆ ವಯಸ್ಸಿಗೆ ಗುಣಕ 17, ಅಂದರೆ ವರ್ಷದ ಮೊತ್ತವನ್ನು 17ರಿಂದ ಗುಣಿಸಬೇಕು. ಒಟ್ಟು 32,13,000 ರೂಪಾಯಿ, ಅಂತ್ಯಕ್ರಿಯೆ ಮುಂತಾದ ಬಾಬ್ತುಗಳೂ ಬಡ್ಡಿಯೂ ಬೇರೆ. ವಿಮೆಯಿದ್ದರೆ ಇದನ್ನು ಕಂಪನಿ ಕಟ್ಟುತ್ತದೆ. ವಿಮೆಯಿಲ್ಲದಿದ್ದರೆ, ಅಪಘಾತದ ಪರಿಹಾರ ತೀರ್ಮಾನಿಸುವ ನ್ಯಾಯಮಂಡಳಿ ಸಾಮಾನ್ಯವಾಗಿ ಚಾಲಕ ಮತ್ತು ಮಾಲೀಕರನ್ನು ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆ ಮಾಡುತ್ತದೆ, ಅಂದರೆ ಇಬ್ಬರಲ್ಲಿ ಯಾರ ಹತ್ತಿರ ಆಸ್ತಿಯಿದೆಯೋ ಅವರಿಂದ ಪೂರ್ತಿ ವಸೂಲಿಗೆ ಹೋಗಬಹುದು. ಕಲಂ 174ರ ಅಡಿಯಲ್ಲಿ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಅವಕಾಶವಿದೆ. ಎರಡು ಎಕರೆ ಕಾಫಿ, ಒಂದಿಷ್ಟು ಗದ್ದೆ ಇರುವ ಮನೆಗಳ ಬಾಗಿಲಿಗೆ ಜಪ್ತಿ ಆದೇಶ ಬಂದದ್ದನ್ನು ನಾನು ನೋಡಿದ್ದೇನೆ. ಸತ್ತವರ ಕಡೆಗೆ ವಕಾಲತ್ತು ಹಾಕಿ, ತೀರ್ಪು ಗೆದ್ದು, ವಿಮೆಯಿಲ್ಲದ ಕಾರಣ ಆ ವಿಧವೆಗೆ ವರ್ಷಗಟ್ಟಲೆ ಒಂದು ರೂಪಾಯಿಯನ್ನೂ ಕೊಡಿಸಲಾಗದೆ ನಿಂತದ್ದೂ ಇದೆ. ಎರಡನೆಯದೇ ನನ್ನನ್ನು ಹೆಚ್ಚು ಕಾಡುತ್ತದೆ. ಇಷ್ಟಕ್ಕೆಲ್ಲ ತಡೆಯಾಗುತ್ತಿದ್ದ ಥರ್ಡ್ ಪಾರ್ಟಿ ವಿಮೆಗೆ, 1,000ದಿಂದ 1,500 ಸಿ.ಸಿ.ವರೆಗಿನ ಖಾಸಗಿ ಕಾರಾದರೆ, 2022ರ ಜೂನ್‌ನಲ್ಲಿ ಜಾರಿಯಾದ ದರ ಜಿಎಸ್‌ಟಿ ಬಿಟ್ಟು 3,416 ರೂಪಾಯಿ.

ಅಪಘಾತ ಮಾಡಿದ ವಿಮೆಯಿಲ್ಲದ ಗಾಡಿಯನ್ನು ಠಾಣೆಯಿಂದ ಬಿಡಿಸಿಕೊಳ್ಳುವುದೂ ಸುಲಭವಲ್ಲ. ಸಾವು ಅಥವಾ ಗಾಯವಾಗಿದ್ದರೆ ಪರಿಹಾರಕ್ಕೆ ತಕ್ಕ ಭದ್ರತೆ ಕೊಡಬೇಕು. ಕೊಡದಿದ್ದರೆ ಮೂರು ತಿಂಗಳ ಬಳಿಕ ಗಾಡಿಯನ್ನು ಹರಾಜು ಹಾಕಿ ಹಣವನ್ನು ನ್ಯಾಯಮಂಡಳಿಯಲ್ಲಿ ಇಡುವ ವ್ಯವಸ್ಥೆಯನ್ನು ರಾಜ್ಯಗಳು ಮಾಡಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಸೂಚಿಸಿದೆ.

ಕೇಳಿ ತಂದವರಿಗೇ ಪೆಟ್ಟಾದರೆ ಏನು ಗತಿ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ವಿಮೆ ಇದ್ದಾಗಲೂ ಇಲ್ಲಿ ಒಂದು ತೆರಪು ಉಳಿಯುತ್ತದೆ. ಪಾಲಿಸಿಯ ಜೊತೆ ಬರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಗಾಡಿಯ ಮಾಲೀಕರೇ ಓಡಿಸುತ್ತಿದ್ದಾಗ ಅವರಿಗೆ ಸಲ್ಲುವಂಥದ್ದು, ನೆಂಟರಿಗಲ್ಲ. ಇಳಕಲ್‌ನಿಂದ ತನ್ನ ಊರಿಗೆ ಹೋಗಲು ಬೇರೆಯವರ ಬೈಕ್ ಕೇಳಿ ಪಡೆದು, ದಾರಿಯಲ್ಲಿ ಎತ್ತಿನ ಗಾಡಿಗೆ ಗುದ್ದಿ ತೀರಿಕೊಂಡ ವ್ಯಕ್ತಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದ್ದು ಇದು: ವಾಹನ ಕೇಳಿ ಪಡೆದವನು ಮಾಲೀಕನ ಜಾಗದಲ್ಲಿ ನಿಲ್ಲುತ್ತಾನೆ, ಆದ್ದರಿಂದ ಆಗಿನ ಕಲಂ 163ಎ ಅಡಿಯಲ್ಲಿ ಅವನ ವಾರಸುದಾರರಿಗೆ ಆ ಬೈಕಿನ ವಿಮಾ ಕಂಪನಿಯಿಂದ ಪರಿಹಾರ ಸಿಗದು. ಪದೇ ಪದೇ ಬೇರೆಯವರ ಗಾಡಿ ಓಡಿಸುವವರು ತಮ್ಮ ಹೆಸರಿನಲ್ಲಿ ಪ್ರತ್ಯೇಕ ಅಪಘಾತ ವಿಮೆ ಮಾಡಿಸಿಕೊಳ್ಳುವುದು ಒಳ್ಳೆಯದೆಂದು ನಾನು ಸಲಹೆ ಕೊಡುವುದು ಇದೇ ಕಾರಣಕ್ಕೆ.

ಚಿಕ್ಕಮಗಳೂರು ಕಡೆಯವರಿಗೆ ಒಂದು ಮಾತು. ಮುಳ್ಳಯ್ಯನಗಿರಿ ನೋಡಲು ಬಂದವರಿಗೆ ಬಿಳಿ ಬೋರ್ಡಿನ ಕಾರನ್ನು "ಸ್ನೇಹಿತರಿಗೆ ಕೊಟ್ಟಿದ್ದು" ಎಂದು ಹೇಳಿ ದಿನದ ಲೆಕ್ಕದಲ್ಲಿ ಬಾಡಿಗೆಗೆ ಬಿಡುವವರಿದ್ದಾರೆ. ಖಾಸಗಿ ಬಳಕೆಯ ಪಾಲಿಸಿ ಬಾಡಿಗೆಯ ಓಡಾಟಕ್ಕೆ ಅಲ್ಲ. ಕಾಗದದ ಮೇಲೆ ವಿಮೆ ಚಾಲ್ತಿಯಲ್ಲಿದ್ದರೂ ಷರತ್ತು ಮುರಿದಿದೆಯೆಂದು ಕಂಪನಿ ತಕರಾರು ತೆಗೆಯಲು ಕಲಂ 150ರಲ್ಲಿ ದಾರಿಯಿದೆ.

ಭಾವ ಮತ್ತು ಭಾಮೈದನಿಗೆ ನಾನು ಹೇಳಿದ್ದು ಎರಡೂ ದಂಡವನ್ನು ಕಟ್ಟಿಬಿಡಿ ಎಂದೇ. ಯಾರಿಗೂ ಪೆಟ್ಟಾಗಿಲ್ಲ, ದಾಖಲೆಗಳು ಎದುರಿಗಿವೆ, ವಾದ ಮಾಡಲು ಏನೂ ಉಳಿದಿರಲಿಲ್ಲ. ಹಣವನ್ನು ಯಾರು ಕೊಡಬೇಕೆಂಬುದು ಅವರ ಮನೆಯ ಮಾತು, ವೇಗದ್ದು ಭಾಮೈದ, ವಿಮೆಯದ್ದು ಭಾವ ಎಂದು ಅವರೇ ತೀರ್ಮಾನಿಸಿಕೊಂಡರು. ಆರ್‌.ಸಿ. ವರ್ಗಾವಣೆಯ 29 ಮತ್ತು 30ನೇ ನಮೂನೆಗಳಿಗೆ ಸಹಿ ಹಾಕಿಸಿಕೊಳ್ಳಲು ಸಕಲೇಶಪುರದವರನ್ನು ಆ ವಾರವೇ ಕಾಣುವಂತೆ ಹೇಳಿದೆ. ಯಾವುದೇ ಗಾಡಿಯ ನಂಬರ್ ಹಾಕಿದರೆ ಅದರ ವಿಮೆ ಎಂದಿನವರೆಗಿದೆ ಎಂಬುದನ್ನು ಎಂ-ಪರಿವಾಹನ್ ಆ್ಯಪ್ ತೋರಿಸುತ್ತದೆ. ಭಾಮೈದನ ಫೋನಿನಲ್ಲೇ ಅದನ್ನು ಹಾಕಿಸಿ, ಅವರ ಕೈಯಲ್ಲೇ ಮಾಡಿಸಿ ತೋರಿಸಿದೆ. ಅರ್ಧ ನಿಮಿಷದ ಕೆಲಸ, ಇದರಲ್ಲಿ ಯಾರ ಮುಖ ನೋಡಿಯೂ ಸಂಕೋಚ ಪಡಬೇಕಾಗಿಲ್ಲ.

ಎದ್ದು ಹೊರಡುವಾಗ, ಹೇಗೆ ಬಂದಿರಿ ಎಂದು ವಿಚಾರಿಸಿದೆ. "ಅದೇ ಕಾರಲ್ಲೇ ಸಾರ್" ಎಂದರು ಭಾವ. ಚಲನ್ ಬಿದ್ದು ನಾಲ್ಕು ದಿನಗಳಾಗಿದ್ದವು, ಆ ನಾಲ್ಕು ದಿನವೂ ಕಾರು ಓಡಿತ್ತು. ದಂಡ ಹಾಕಿದ ಮೇಲೆ ಆ ಬಾಬ್ತು ತೀರಿತೆಂದು ಅವರು ತಿಳಿದಿದ್ದರು. ದಂಡದ ರಸೀದಿ ವಿಮೆಯ ಬದಲಿಗೆ ನಿಲ್ಲುವುದಿಲ್ಲ, ಮತ್ತೆ ರಸ್ತೆಗಿಳಿದರೆ ಮತ್ತೆ ತಪ್ಪು. ಮತ್ತೆ ಕೂರಿಸಿ, ಏಜೆಂಟರಿಗೆ ಫೋನ್ ಮಾಡಿಸಿದೆ. ಮುಕ್ಕಾಲು ಗಂಟೆಯಲ್ಲಿ ಪಾಲಿಸಿ ಫೋನಿಗೆ ಬಂತು. ಭಾವ ಸಮಾಧಾನದಿಂದ ಕೀಲಿ ತೆಗೆದುಕೊಂಡರು. ಪಾಲಿಸಿಯಲ್ಲಿ ಜಾರಿಯಾಗುವ ವೇಳೆಯನ್ನು ಓದಲು ಹೇಳಿದೆ. ಅಂದು ರಾತ್ರಿ 12 ಗಂಟೆಯಿಂದ ಎಂದಿತ್ತು, ಆಗ ಸಂಜೆ 7 ಗಂಟೆ. ಹಣ ಕಟ್ಟಿದ ಕ್ಷಣದಿಂದಲ್ಲ, ಪಾಲಿಸಿಯಲ್ಲಿ ನಮೂದಾದ ಗಂಟೆಯಿಂದ ರಕ್ಷಣೆ ಶುರುವಾಗುತ್ತದೆಂದು ಸುಪ್ರೀಂ ಕೋರ್ಟ್ ಹಿಂದೆಯೇ ತೀರ್ಮಾನಿಸಿದೆ.

ಕಾರನ್ನು ಕಚೇರಿಯ ಕಾಂಪೌಂಡಿನೊಳಗೇ ಬಿಟ್ಟು, ಕೀಲಿಯನ್ನು ನನ್ನ ಬಳಿ ಕೊಟ್ಟು, ಇಬ್ಬರೂ ಆಲೂರಿನ ಬಸ್ಸಿಗೆ ನಡೆದರು. ಮರುದಿನ ಬೆಳಿಗ್ಗೆ 9 ಗಂಟೆಗೆ ಭಾವ ಒಬ್ಬರೇ ಬಂದು ತೆಗೆದುಕೊಂಡು ಹೋದರು.