ಕ್ರೀಟ್ ದ್ವೀಪಕ್ಕೆ ಎರಡು ದಿನ ಸಾಕಾ?

ಪ್ರಶ್ನೆ: ಸ್ಯಾಂಟೊರಿನಿಗೆ ಹೋಗುತ್ತಿದ್ದೇವೆ. ಹತ್ತಿರದಲ್ಲೇ ಕ್ರೀಟ್ ಇದೆಯಲ್ಲ, ಎರಡು ದಿನದಲ್ಲಿ ನೋಡಿ ಮುಗಿಸಬಹುದಾ? ನಮ್ಮಲ್ಲಿ ಇಬ್ಬರು ಸಸ್ಯಾಹಾರಿಗಳು. ಊಟಕ್ಕೆ ಕಷ್ಟ ಆಗುತ್ತಾ?

ಉತ್ತರ: ಎರಡು ದಿನ ಸಾಲದು. ಒಂದು ವಾರವಾದರೂ ಇಟ್ಟುಕೊಳ್ಳಿ. ಅಷ್ಟು ರಜೆ ಸಿಗದಿದ್ದರೆ ಸ್ಯಾಂಟೊರಿನಿಯ ದಿನಗಳನ್ನೇ ಕಡಿಮೆ ಮಾಡಿ ಎನ್ನುತ್ತೇನೆ. ಊಟದ ಚಿಂತೆಯಂತೂ ಬೇಡವೇ ಬೇಡ.

ಮ್ಯಾಪಿನಲ್ಲಿ ಕ್ರೀಟ್ ಉದ್ದನೆಯ ಒಂದು ಪಟ್ಟಿಯ ಹಾಗೆ ಕಾಣುತ್ತದೆ. ಆದರೆ ಆ ತುದಿಯಿಂದ ಈ ತುದಿಗೆ ಸುಮಾರು 260 ಕಿಲೋಮೀಟರ್. ಗ್ರೀಸ್‌ನ ದ್ವೀಪಗಳಲ್ಲೆಲ್ಲ ಇದೇ ದೊಡ್ಡದು. ಇಲ್ಲಿನ ದೊಡ್ಡ ಊರಾದ ಹೆರಾಕ್ಲಿಯಾನ್‌ನಿಂದ ಪಶ್ಚಿಮದ ಹನ್ಯಾ ಊರಿಗೆ ಹೋಗುವುದೆಂದರೆ ಹೆಚ್ಚುಕಮ್ಮಿ ಬೆಂಗಳೂರಿನಿಂದ ಮೈಸೂರಿಗೆ ಹೋದಷ್ಟು ದೂರ. ಉತ್ತರದ ಕರಾವಳಿ ಬಿಟ್ಟು ದಕ್ಷಿಣಕ್ಕೆ ತಿರುಗಿದರೆ ಬರೀ ಬೆಟ್ಟ, ಬರೀ ತಿರುವು. ಅದಕ್ಕೇ ಒಂದೇ ಕಡೆ ರೂಮು ಮಾಡಿ ದಿನಾ ಓಡಾಡಬೇಡಿ. ಮೂರು ರಾತ್ರಿ ಹೆರಾಕ್ಲಿಯಾನ್, ನಾಲ್ಕು ರಾತ್ರಿ ಹನ್ಯಾ ಇಟ್ಟುಕೊಳ್ಳಿ. ಇಂಗ್ಲಿಷ್ ಬೋರ್ಡ್ ನೋಡಿ ನಾವು 'ಚಾನಿಯಾ' ಎಂದು ಓದುವುದು ಈ ಹನ್ಯಾವನ್ನೇ.

ಹೆರಾಕ್ಲಿಯಾನ್‌ನಿಂದ ಐದು ಕಿಲೋಮೀಟರ್ ದೂರದಲ್ಲಿ ಕ್ನೋಸೋಸ್ ಅರಮನೆ ಇದೆ. ಸಿಟಿ ಬಸ್ಸಿನಲ್ಲೇ ಹೋಗಬಹುದು. ಮೂರೂವರೆ ಸಾವಿರ ವರ್ಷಕ್ಕೂ ಹಿಂದಿನ ಮಿನೋವನ್ ಜನರ ಅರಮನೆ ಅದು. ಇಲ್ಲಿ ಮೊದಲು ಅಗೆದವರು ಅಲ್ಲಿಯವರೇ ಆದ ಮಿನೋಸ್ ಕಲೋಕೈರಿನೋಸ್, 1878ರಲ್ಲಿ. ಆದರೆ ಹೆಸರು ಬಂದದ್ದು 1900ರಲ್ಲಿ ಅಗೆತ ಶುರುಮಾಡಿದ ಇಂಗ್ಲೆಂಡಿನ ಆರ್ಥರ್ ಇವಾನ್ಸ್‌ಗೆ. ಇವಾನ್ಸ್ ಸುಮ್ನೆ ಅಗೆದು ಬಿಡಲಿಲ್ಲ, ಕಾಂಕ್ರೀಟ್ ಹಾಕಿ ಎಷ್ಟೋ ಭಾಗ ಕಟ್ಟಿಸಿಬಿಟ್ಟರು. ಮೇಲೆ ದಪ್ಪ, ಕೆಳಗೆ ಸಣ್ಣ ಇರುವ ಆ ಕೆಂಪು ಕಂಬಗಳೂ ಹಾಗೆ ಬಂದವೇ. ಮೂಲದಲ್ಲಿ ಅವು ಮರದವು. ಇದು ಸರಿಯೇ ತಪ್ಪೇ ಎಂಬ ಜಗಳ ಇವತ್ತಿಗೂ ನಿಂತಿಲ್ಲ. ನನಗಂತೂ ಕಂಬಗಳಿಗಿಂತ ಜಾಸ್ತಿ ಹಿಡಿಸಿದ್ದು ಉಗ್ರಾಣದ ಗುಡಾಣಗಳು. ಆಳೆತ್ತರದ ಮಣ್ಣಿನ ಗುಡಾಣಗಳು. ಮೈಮೇಲೆ ಹಗ್ಗ ಸುತ್ತಿದಂತೆ ಉಬ್ಬು ಗೆರೆ, ಸುತ್ತಲೂ ಸಾಲು ಸಾಲು ಹಿಡಿಕೆ. ಆಲಿವ್ ಎಣ್ಣೆ, ದವಸ, ವೈನ್ ತುಂಬಿಡುತ್ತಿದ್ದದ್ದು ಇಂಥವುಗಳಲ್ಲೇ.

ಗೋಡೆಯ ಅಸಲಿ ಚಿತ್ರಗಳು ಅರಮನೆಯಲ್ಲಿಲ್ಲ, ಊರಿನ ಮ್ಯೂಸಿಯಂನಲ್ಲಿವೆ. ಗೂಳಿಯ ಬೆನ್ನ ಮೇಲಿಂದ ಲಾಗ ಹಾಕುವವನ ಚಿತ್ರ ಅಲ್ಲೇ ಇದೆ. 1908ರಲ್ಲಿ ಸಿಕ್ಕ ಫೈಸ್ಟೋಸ್ ಬಿಲ್ಲೆಯೂ ಅಲ್ಲೇ. ಅಂಗೈಯಗಲದ ಮಣ್ಣಿನ ಬಿಲ್ಲೆ. ಎರಡೂ ಕಡೆ ಸುರುಳಿಯಾಗಿ ಮುದ್ರೆ ಒತ್ತಿದ ಚಿಹ್ನೆಗಳು. ಅದರಲ್ಲಿ ಏನಿದೆ ಎಂದು ಇನ್ನೂ ಯಾರಿಗೂ ಓದಲಾಗಿಲ್ಲ.

ಹನ್ಯಾದಲ್ಲಿ ನೋಡಬೇಕಾದದ್ದು ಹಳೆಯ ಬಂದರು. ವೆನಿಸ್‌ನವರು ಕಟ್ಟಿದ ದಡ, ಅದರ ಅಂಚಿಗೇ ಆಟೊಮನ್ ಕಾಲದ ಮಸೀದಿ. ಸಂಜೆ ಹೋಗಿ.

ಈಗ ಊಟ. ಹನ್ಯಾದ ಮೇಲಿನ ಬೆಟ್ಟದ ಹಳ್ಳಿಯೊಂದರಲ್ಲಿ ನಾನು ಕಲಿತಿದ್ದ ಒಂದೇ ಗ್ರೀಕ್ ವಾಕ್ಯ ಹೇಳಿದೆ: 'ಇಮೆ ಹೊರ್ತೊಫಾಗೊಸ್'. ನಾನು ಸಸ್ಯಾಹಾರಿ ಎಂದರ್ಥ. ಹೋಟೆಲಿನ ಅಜ್ಜಿ ಮೆನು ಕಾರ್ಡ್ ಪಕ್ಕಕ್ಕಿಟ್ಟು ನನ್ನ ಕೈ ಹಿಡಿದು ಅಡುಗೆಮನೆಗೇ ಕರೆದುಕೊಂಡು ಹೋದರು. ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದು ತೋರಿಸಿದರು. ಒಂದರಲ್ಲಿ ಅಕ್ಕಿ ತುಂಬಿ ಬೇಯಿಸಿದ ಟೊಮೆಟೊ. ಒಂದರಲ್ಲಿ 'ಹೊರ್ತಾ', ಅಂದರೆ ಬೆಟ್ಟದಿಂದ ಕಿತ್ತು ತಂದ ಸೊಪ್ಪು. ಬೇಯಿಸಿ, ಎಣ್ಣೆ ಬಿಟ್ಟು, ನಿಂಬೆ ಹಿಂಡಿ ಕೊಟ್ಟರು. ನಮ್ಮ ಬೆರಕೆ ಸೊಪ್ಪಿನದೇ ಆ ಸಣ್ಣ ಕಹಿ. ಹಳದಿ ಬೇಳೆಯ 'ಫಾವಾ' ಗಟ್ಟಿ ತೊವ್ವೆಯಂತೆ ಇರುತ್ತದೆ. ಬಾರ್ಲಿ ರಸ್ಕಿನ ಮೇಲೆ ಟೊಮೆಟೊ, ಚೀಸ್ ಹಾಕಿದ 'ದಾಕೋಸ್' ಎಲ್ಲಾ ಕಡೆ ಸಿಗುತ್ತದೆ. ಒಂದು ಎಚ್ಚರಿಕೆ: ಉಪವಾಸದ ಅಡುಗೆಗೆ 'ನಿಸ್ತೀಸಿಮೊ' ಎನ್ನುತ್ತಾರೆ. ಅದರಲ್ಲಿ ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಆದರೆ ಸಿಗಡಿ, ಸ್ಕ್ವಿಡ್ ಇರಬಹುದು. ಕೇಳಿಯೇ ತಿನ್ನಿ.

ಊಟ ಮುಗಿದ ಮೇಲೆ ನೀವು ಹೇಳದಿದ್ದರೂ ಹಣ್ಣೋ ಸಿಹಿಯೋ ಬರುತ್ತದೆ. ಜೊತೆಗೆ ಪುಟ್ಟ ಗ್ಲಾಸಿನಲ್ಲಿ ರಾಕಿ ಎಂಬ ಮದ್ಯ. ಬಿಲ್ಲಿಗೆ ಸೇರಿಸಿಬಿಡುತ್ತಾರೇನೋ ಎಂದು ನಮ್ಮವರು ಗಾಬರಿಯಾಗುತ್ತಾರೆ. ಹಾಗೆ ತಾವಾಗಿ ತಂದಿಟ್ಟದ್ದು ಸಾಮಾನ್ಯವಾಗಿ ಅವರ ಉಪಚಾರ. ಕುಡಿಯದಿದ್ದರೆ ನಕ್ಕು ಬೇಡ ಎನ್ನಿ, ಹಣ್ಣು ತಿನ್ನಿ. ಗ್ರೀಕಿನಲ್ಲಿ 'ಕ್ಸೆನೋಸ್' ಎಂದರೆ ಪರಕೀಯ. ಅತಿಥಿ ಎಂಬ ಅರ್ಥವೂ ಅದೇ ಮಾತಿಗಿದೆ. ಇದು ಪ್ರವಾಸಿಗಳಿಗಾಗಿ ಹುಟ್ಟಿದ ನಯವಲ್ಲ. 1941ರಲ್ಲಿ ಜರ್ಮನ್ ಸೇನೆ ದ್ವೀಪವನ್ನು ಹಿಡಿದಾಗ, ಸಿಕ್ಕಿಬಿದ್ದ ಬ್ರಿಟಿಷ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೈನಿಕರನ್ನು ಈ ಹಳ್ಳಿಗಳ ಜನ ಬಚ್ಚಿಟ್ಟು ಅನ್ನ ಹಾಕಿದರು. ಸಿಕ್ಕಿದರೆ ಸಾವು ಎಂದು ಗೊತ್ತಿದ್ದೇ ಹಾಕಿದರು.

ಏಪ್ರಿಲ್‌ನಿಂದ ಜೂನ್, ಇಲ್ಲವೇ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯ ಕಾಲ. ಜುಲೈ, ಆಗಸ್ಟ್‌ನಲ್ಲಿ ಬಿಸಿಲೂ ಜಾಸ್ತಿ, ಜನವೂ ಜಾಸ್ತಿ. ಸ್ಯಾಂಟೊರಿನಿಯಿಂದ ವೇಗದ ದೋಣಿಗೆ ಹೆರಾಕ್ಲಿಯಾನ್ ಸುಮಾರು ಎರಡು ಗಂಟೆಯ ದಾರಿ.

ಎಷ್ಟು ಎಳೆದಾಡಿದರೂ ಎರಡೇ ದಿನ ಸಿಗುವುದಾದರೆ ಹನ್ಯಾ ಆಸೆ ಬಿಡಿ. ಹೆರಾಕ್ಲಿಯಾನ್‌ನಲ್ಲೇ ಉಳಿಯಿರಿ. ಬಾಗಿಲು ತೆಗೆಯುವ ಹೊತ್ತಿಗೆ ಕ್ನೋಸೋಸ್, ಬಿಸಿಲೇರಿದ ಮೇಲೆ ಮ್ಯೂಸಿಯಂ. ಮಾರನೆಯ ದಿನ ಹತ್ತಿರದ ಯಾವುದಾದರೂ ಹಳ್ಳಿಯಲ್ಲಿ ನಿಧಾನವಾಗಿ ಒಂದು ಊಟ ಮಾಡಿ ದೋಣಿ ಹತ್ತಿ.